ಸ್ಟಾಪ್‌ವಾಚ್ ಕಾಕಾ

ಶಹಾಬಾದಿನ ನಮ್ಮ ಕಾಕಾನದು ಪರಸಿ ಕಲ್ಲಿನ ವ್ಯಾಪಾರ. ಗಿರಾಕಿ ಟೇಪು ಹಿಡಿದು ತಕರಾರು ತೆಗೆದರೆ ಅವನದು ಒಂದೇ ಉತ್ತರ: “ಒಂದಿಂಚು ಆಕಡೆ ಈಕಡೆ ಆದ್ರ ಏನ್ ಮುಳುಗಿ ಹೋಗ್ತದ್ರೀ?” ವಾಡಿ ಜಂಕ್ಷನ್ನಿನಲ್ಲಿ ರೈಲು ಎರಡು ತಾಸು ತಡವೆಂದರೆ ಇನ್ನೊಂದು ಚಹಾ ಹೇಳಿ ಕಾಲು ಚಾಚುವ ಆಸಾಮಿ.

ಮಗ ಕಲಬುರಗಿಯಲ್ಲಿ ಈಜು ಕಲಿಯತೊಡಗಿದ. ಕಾಕಾನ ಕೊರಳಿಗೆ ಸ್ಟಾಪ್‌ವಾಚ್ ಬಿತ್ತು. ಅಂದಿನಿಂದ ಮನೆಯಲ್ಲಿ ಎಲ್ಲಕ್ಕೂ ಅಳತೆ.

“ನಿನ್ನೆ ರೊಟ್ಟಿ 39 ಸೆಕೆಂಡಿಗೆ ಬೆಂದಿತ್ತು. ಇವತ್ತು 41!”

“ರೊಟ್ಟಿಗೂ ಸೆಲೆಕ್ಷನ್ ಅದ ಏನು?” ಅಂದಳು ಕಾಕು.

ಸೇಡಂನ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬರುವ ಮೊದಲೇ ಕಾಕಾ ಮೊಬೈಲಿನಲ್ಲಿ ಅರ್ಹತಾ ಸಮಯದ ಪಟ್ಟಿ ಬಿಚ್ಚಿದ.

“ಒಂದು ಪಂದ್ಯದಾಗ ಫಸ್ಟ್ ಬಂದ್ರ ಸಾಲಂಗಿಲ್ಲ. ವಯಸ್ಸಿಗೊಂದು, ಸ್ಟ್ರೋಕಿಗೊಂದು, ದೂರಕ್ಕೊಂದು ಟೈಮ್ ಬರದಿಟ್ಟಿರ್ತಾರ. ಅದರೊಳಗ ಮುಟ್ಟಿದ್ರ ಮುಂದಿನ ಕೂಟದ ಬಾಗಿಲು ತೆರೀತದ. 25 ಮೀಟರ್ ಕೊಳದ ಟೈಮು 50 ಮೀಟರ್ ಕೊಳದ ಟೈಮಿಗೆ ಸಮ ಅಲ್ಲ ಮತ್ತ. ಸಣ್ಣ ಕೊಳದಾಗ ಗ್ವಾಡಿ ಒದ್ದು ತಿರುಗೋದು ಜಾಸ್ತಿ, ಒದ್ದಷ್ಟೂ ಜೋರು.”

“ನಿಮ್ಮ ವಾಚಿನ ಟೈಮ್ ನಡೀತದೇನ್ರಿ?” ಚಿತ್ತಾಪುರದ ಬೀಗರು ಕೇಳಿದರು.

“ಇಲ್ರೀ. ಮಾನ್ಯತೆ ಇದ್ದ ಕೂಟದಾಗ ಬಂದದ್ದೇ ಲೆಕ್ಕಕ್ಕ.” ಕಾಕಾ ವಾಚನ್ನು ಮೆಲ್ಲಗೆ ಅಂಗಿಯೊಳಗೆ ಸರಿಸಿದ. ಮರುಕ್ಷಣವೇ ಚಿಗುರಿದ. “ಬೆಂಗಳೂರಿನ ಶ್ರೀಹರಿ ನಟರಾಜ್ ನೋಡ್ರಿ. ಟೋಕಿಯೊ ಒಲಿಂಪಿಕ್ಸಿಗೆ 100 ಮೀಟರ್ ಬ್ಯಾಕ್‌ಸ್ಟ್ರೋಕಿನ ‘ಎ’ ಮಟ್ಟ 53.85 ಸೆಕೆಂಡು. 2021ರಾಗ ರೋಮಿಗೆ ಹೋಗಿ 53.77ಕ್ಕ ಮುಟ್ಟಿದ. ಸೆಕೆಂಡಿನ ನೂರು ಪಾಲಿನಾಗ ಎಂಟೇ ಪಾಲು! ನೀವು ಕಣ್ಣು ಪಿಳುಕಿಸೋದ್ರೊಳಗ ಒಲಿಂಪಿಕ್ಸು!”

ಬೀಗರು ಕಣ್ಣು ಪಿಳುಕಿಸಿ ನೋಡಿಕೊಂಡರು. ಚಿಂಚೋಳಿಯ ಮುತ್ಯಾ ಮಾತ್ರ ಅಲುಗಲಿಲ್ಲ.

“ಮುಲ್ಲಾಮಾರಿ ಹೊಳ್ಯಾಗ ನಮಗೂ ಒಂದು ಟೈಮ್ ಇತ್ತೋ ತಮ್ಮಾ. ಎಮ್ಮಿ ಆಚಿ ದಂಡಿ ಹತ್ತಿ ಮಂದಿ ಹೊಲಕ್ಕ ಬಾಯಿ ಹಾಕೋದ್ರೊಳಗ ನಾವು ಮುಟ್ಟಬೇಕು. ತಪ್ಪಿದ್ರ ಹೊಲದ ಮಾಲಕನೇ ಟೈಮ್ ಹೇಳತಿದ್ದ, ಬಡಿಗಿ ಹಿಡ್ಕೊಂಡು.”

ಇಷ್ಟೆಲ್ಲ ಬಲ್ಲ ಕಾಕಾನಿಗೆ ಈಜು ಬರುವುದಿಲ್ಲ ಎಂಬುದು ಬೇಸಿಗೆ ರಜೆಯಲ್ಲಿ ಬಯಲಾಯಿತು. ಮಗ ಬಿಡಲಿಲ್ಲ. ಅಪ್ಪನ ಕೊರಳಿನ ವಾಚನ್ನು ತನ್ನ ಕೊರಳಿಗೆ ಹಾಕಿಕೊಂಡು, ಅವನನ್ನು ಎದೆಮಟ್ಟದ ನೀರಿಗೆ ಇಳಿಸಿ, ಸೀಟಿ ಊದಿದ. ಕಾಕಾ ದಂಡೆಯ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿ ನಿಂತ.

“ಅಪ್ಪಾ, ವಾಚ್ ಒತ್ತಿ ಎರಡು ನಿಮಿಷ ಆತು. ನೀ ಇನ್ನಾ ಕಂಬಿನೇ ಬಿಟ್ಟಿಲ್ಲ!”

ಕಾಕಾ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

“ಎರಡು ನಿಮಿಷ ಆಕಡೆ ಈಕಡೆ ಆದ್ರ ಏನ್ ಮುಳುಗಿ ಹೋಗ್ತದೋ?”