17ನೇ ಮನೆಯಲ್ಲಿ 4

ಗಾಲ್ಫಿನಲ್ಲಿ ಗೆದ್ದವರನ್ನು ಎಲ್ಲರೂ ಮಾತಾಡಿಸುತ್ತಾರೆ, ಸೋತವರನ್ನೂ ಒಂದಿಬ್ಬರು ಮಾತಾಡಿಸುತ್ತಾರೆ. ಫಲಿತಾಂಶ ಬರೆದ ಕಾಗದವನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಕೊರತೆ ನೀಗಿಸಲೆಂದು ಒಂದು ಸ್ಕೋರ್ ಕಾರ್ಡನ್ನು ಹುಡುಕಿ ಹಿಡಿದೆವು. ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ನಡೆದ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ, ಅಂದರೆ 1968ರ ಏಪ್ರಿಲ್ 14ರ ಭಾನುವಾರ, ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಸಹಿ ಮಾಡಿಕೊಟ್ಟ ಕಾರ್ಡು ಇದು. ಅಂಚು ಮಾಸಿದೆ, ಮಡಿಕೆ ಸವೆದಿದೆ. ಗತ್ತಿಗೆ ಮಾತ್ರ ಏನೂ ಆಗಿಲ್ಲ. ನಮಸ್ಕಾರ ಎಂದರೆ, ಗುರುತಿನ ಚೀಟಿ ತೋರಿಸಿ ಎಂದಿತು.

ಪ್ರಶ್ನೆ: ಆ ದಿನದ ಆಟ ಹೇಗಿತ್ತು?

ಕಾರ್ಡು: ಆಟ ನನ್ನ ಇಲಾಖೆಗೆ ಬರುವುದಿಲ್ಲ. ಹುಲ್ಲು, ಗಾಳಿ, ಚಪ್ಪಾಳೆ, ಅದೆಲ್ಲ ಹೊರಗಿನ ವ್ಯವಹಾರ. ನನ್ನಲ್ಲಿರುವುದು ಹದಿನೆಂಟು ಮನೆ, ಹದಿನೆಂಟು ಅಂಕಿ, ಎರಡು ಸಹಿ.

ಪ್ರಶ್ನೆ: ಆ ಅಂಕಿಗಳನ್ನಾದರೂ ಹೇಳಿ.

ಕಾರ್ಡು: ಮೊದಲ ಮನೆಯಲ್ಲಿ 2. ಅದು ಪಾರ್ 4ರ ಹೋಲ್, ಅಂದರೆ ನಾಲ್ಕು ಹೊಡೆತದ ಲೆಕ್ಕದ್ದು. ಎರಡನೇ ಹೊಡೆತವೇ ನೇರ ಗುಳಿಗೆ ಬಿತ್ತಂತೆ. ಆ ದಿನ ಆತನ 45ನೇ ಹುಟ್ಟುಹಬ್ಬ, ಸುತ್ತ ನಿಂತಿದ್ದ ಜನ ಶುಭಾಶಯದ ಹಾಡು ಹಾಡಿದರಂತೆ. ಅದಕ್ಕೆ ನನ್ನಲ್ಲಿ ಮನೆ ಇಲ್ಲ, ಹಾಗಾಗಿ ದಾಖಲಾಗಿಲ್ಲ. ಎರಡನೇ, ಮೂರನೇ ಹೋಲ್‌ಗಳಲ್ಲಿ ಬರ್ಡಿ, ಅಂದರೆ ಪಾರ್‌ಗಿಂತ ಒಂದು ಕಡಿಮೆ. ಮೊದಲ ಒಂಬತ್ತು ಹೋಲ್‌ಗೆ 31.

ಪ್ರಶ್ನೆ: 17ನೇ ಹೋಲ್?

ಕಾರ್ಡು: 4.

ಪ್ರಶ್ನೆ: ಅಲ್ಲಿ ಆತ ಬರ್ಡಿ ಹೊಡೆದಿದ್ದು. ಅಂದರೆ 3. ಗುಳಿಯ ಸುತ್ತ ನಿಂತವರು ಕಂಡಿದ್ದಾರೆ, ಟಿ.ವಿ.ಯಲ್ಲಿ ಲಕ್ಷಾಂತರ ಜನ ನೋಡಿದ್ದಾರೆ.

ಕಾರ್ಡು: ನೋಡಿರಬಹುದು. ಅವರಲ್ಲಿ ಒಬ್ಬರೂ ನನ್ನ ಮೇಲೆ ಸಹಿ ಹಾಕಿಲ್ಲವಲ್ಲ.

(ಓದುಗರಿಗೆ ಒಂದು ಮಾತು. ಗಾಲ್ಫಿನಲ್ಲಿ ಆಟಗಾರ ತನ್ನ ಅಂಕವನ್ನು ತಾನೇ ಬರೆಯುವಂತಿಲ್ಲ. ಜೊತೆಯಲ್ಲಿ ಆಡುವವನೇ ಮಾರ್ಕರ್. ಇವನ ಕಾರ್ಡು ಅವನ ಕೈಯಲ್ಲಿ, ಅವನದ್ದು ಇವನ ಕೈಯಲ್ಲಿ. ಕೊನೆಗೆ ಕಾರ್ಡು ಕೈಗೆ ಬಂದಾಗ ಪ್ರತಿ ಹೋಲಿನ ಅಂಕಿ ಪರೀಕ್ಷಿಸಿ ಸಹಿ ಹಾಕುವುದು ಆಟಗಾರನ ಹೊಣೆ. ಆ ದಿನ ಡಿ ವಿಸೆಂಜೊ ಕಾರ್ಡು ಬರೆದವನು ಟಾಮಿ ಆರನ್. 17ರಲ್ಲಿ 3 ಬರೆಯುವ ಕಡೆ 4 ಬರೆದ. ಡಿ ವಿಸೆಂಜೊ 18ರಲ್ಲಿ ಒಂದು ಹೊಡೆತ ಕಳೆದುಕೊಂಡು ಬೋಗಿ ಮಾಡಿದ್ದ, ಆ ಬೇಸರದಲ್ಲಿ ಸರಿಯಾಗಿ ನೋಡದೆ ಸಹಿ ಹಾಕಿ ಎದ್ದ.)

ಪ್ರಶ್ನೆ: ತಪ್ಪು ಗೊತ್ತಾದ ಮೇಲೆ ಒಂದು ಗೀಟು ಎಳೆದು 3 ಎಂದು ಬರೆಯಲು ಎಷ್ಟು ಹೊತ್ತು ಬೇಕಿತ್ತು?

ಕಾರ್ಡು: ಹೊತ್ತಿನ ಪ್ರಶ್ನೆಯಲ್ಲ ಸ್ವಾಮಿ, ಕ್ರಮದ ಪ್ರಶ್ನೆ. ಸಹಿ ಬಿದ್ದು ನಾನು ಅಧಿಕಾರಿಯ ಕೈ ಸೇರಿದ ಮೇಲೆ ನನ್ನಲ್ಲಿರುವುದೇ ಆಟ. ನಿಯಮ ಬಹಳ ಸರಳ. ಆಡಿದ್ದಕ್ಕಿಂತ ಹೆಚ್ಚು ಬರೆದಿದ್ದರೆ ಆ ಹೆಚ್ಚೇ ಖಾಯಂ. ಕಡಿಮೆ ಬರೆದಿದ್ದರೆ ಮನೆಗೆ ನಡಿ, ಅನರ್ಹ. ಈತನದ್ದು ಹೆಚ್ಚು. ಆದ್ದರಿಂದ 65 ಹೋಗಿ 66 ಆಯಿತು, ನಾಲ್ಕು ದಿನದ ಒಟ್ಟು 277 ಹೋಗಿ 278 ಆಯಿತು. ಪೈಪೋಟಿಯಲ್ಲಿದ್ದ ಬಾಬ್ ಗೋಲ್ಬಿಯದು 277. ಸಮ ಬಂದಿದ್ದರೆ ಸೋಮವಾರ ಮತ್ತೆ ಹದಿನೆಂಟು ಹೋಲಿನ ಪ್ಲೇಆಫ್, ಮತ್ತೆ ಜನಜಂಗುಳಿ, ಮತ್ತೆ ಖರ್ಚು. ಎಲ್ಲವನ್ನೂ ಉಳಿಸಿದೆ. ಒಬ್ಬರೂ ಥ್ಯಾಂಕ್ಸ್ ಹೇಳಲಿಲ್ಲ.

ಪ್ರಶ್ನೆ: ಆತ ಆಡಿದ್ದು 65 ಎಂದು ನಿಮಗೂ ಗೊತ್ತು.

ಕಾರ್ಡು: ನನಗೆ ಗೊತ್ತಿರುವುದಕ್ಕೂ ನಾನು ಹೇಳುವುದಕ್ಕೂ ಏನು ಸಂಬಂಧ? ನಿಮ್ಮ ಕಡೆ ಪಿಂಚಣಿ ತೆಗೆದುಕೊಳ್ಳುವ ಅಜ್ಜ ಕೌಂಟರಿನ ಎದುರು ಖುದ್ದಾಗಿ ನಿಂತು ಕೆಮ್ಮಿದರೂ ಲೈಫ್ ಸರ್ಟಿಫಿಕೇಟ್ ಎಲ್ಲಿ ಎಂದು ಕೇಳುವುದಿಲ್ಲವೆ? ಅಲ್ಲಿ ಯಾರೂ ಕಾಗದದ ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ. ಆಗಸ್ಟಾದಲ್ಲಿ ಮಾತ್ರ ನಾನು ಖಳನಾಯಕ.

ಪ್ರಶ್ನೆ: ಮಾಸ್ಟರ್ಸ್ ಹುಟ್ಟುಹಾಕಿದ ಬಾಬಿ ಜೋನ್ಸ್ ಆಗ ಬದುಕಿದ್ದರು. ಟೂರ್ನಿಯ ಸಮಿತಿಯವರು ಅವರ ಬಳಿ ಹೋದರಲ್ಲವೆ?

ಕಾರ್ಡು: ಹೋದರು. ಕಾಯಿಲೆಯಿಂದ ನಲುಗಿದ್ದ ದೊಡ್ಡ ಮನುಷ್ಯ. ದಾರಿ ಏನಾದರೂ ಉಂಟೆ ಎಂದು ಕೇಳಿದರು, ಇಲ್ಲ ಎಂಬುದೇ ಉತ್ತರ. ಆ ಮನೆಯಲ್ಲಿ ರಿಯಾಯಿತಿ ಕೇಳಲು ಹೋದವರ ಧೈರ್ಯ ಮೆಚ್ಚಬೇಕು. 1925ರ ಅಮೆರಿಕ ಓಪನ್‌ನಲ್ಲಿ ಜೋನ್ಸ್ ಹೊಡೆಯಲು ಸಜ್ಜಾಗುವಾಗ ಚೆಂಡು ಕೊಂಚ ಅಲುಗಿತು. ಬೇರೆ ಯಾರೂ ಕಂಡಿರಲಿಲ್ಲ. ತಾನೇ ಹೇಳಿ ದಂಡ ಹಾಕಿಸಿಕೊಂಡರು, ಕೊನೆಗೆ ಪ್ಲೇಆಫ್‌ನಲ್ಲಿ ಸೋತರು. ಎಲ್ಲರೂ ಹೊಗಳಿದರೆ, ಬ್ಯಾಂಕು ದರೋಡೆ ಮಾಡಲಿಲ್ಲ ಎಂದು ಹೊಗಳುತ್ತೀರಾ ಎನ್ನುವ ಧಾಟಿಯಲ್ಲಿ ತಳ್ಳಿಹಾಕಿದರಂತೆ.

ಪ್ರಶ್ನೆ: ಅದೇ ನನ್ನ ತಕರಾರು. ಅಲ್ಲಿ ಯಾರೂ ಕಾಣದ್ದನ್ನು ಒಬ್ಬ ಮನುಷ್ಯ ಹೇಳಿದ, ಅದು ನಿಜವಾಯಿತು. ಇಲ್ಲಿ ಎಲ್ಲರೂ ಕಂಡದ್ದನ್ನು ನೀವು ಅಲ್ಲ ಎಂದಿರಿ, ಅದೂ ನಿಜವಾಯಿತು. ಎರಡೂ ಒಂದೇ ಆಟದ ಪ್ರಾಮಾಣಿಕತೆ ಹೇಗೆ?

ಕಾರ್ಡು: (ಮೊದಲ ಬಾರಿಗೆ ತಡವರಿಸಿ) ನೋಡಿ, ಫುಟ್‌ಬಾಲಿಗೆ ರೆಫರಿ ಇದ್ದಾನೆ, ಕ್ರಿಕೆಟ್ಟಿಗೆ ಅಂಪೈರ್ ಇದ್ದಾನೆ. ಇಲ್ಲಿ ನೂರಾರು ಎಕರೆಯಲ್ಲಿ ಇಬ್ಬಿಬ್ಬರು, ಮೂವರು ಮೂವರು ಚದುರಿ ಆಡುತ್ತಾರೆ. ಪ್ರತಿ ಪೊದೆಯ ಹಿಂದೆ ಒಬ್ಬ ಅಂಪೈರ್ ನಿಲ್ಲಿಸಲಾದೀತೆ? ಹಾಗಾಗಿ ನಂಬಿಕೆಯ ಮೇಲೆ ಬಿಟ್ಟಿದ್ದಾರೆ. ನಂಬಿಕೆಗೆ ಒಂದು ಗೂಟ ಬೇಕು. ಆ ಗೂಟ ನಾನು. ಇವತ್ತು ಪಾಪದವನಿಗಾಗಿ ಗೂಟ ಕಿತ್ತರೆ ನಾಳೆ ಪಾಪಿಯೂ ಬಂದು ಅಲುಗಾಡಿಸುತ್ತಾನೆ.

(ಈ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಕಾರ್ಡಿಗೆ ಅದು ತಿಳಿದು ಇನ್ನಷ್ಟು ಬೀಗಿತು.)

ಪ್ರಶ್ನೆ: ನಿಮ್ಮ ವಂಶದಲ್ಲಿ ಇಂಥವು ಇನ್ನೂ ಆಗಿವೆಯೆ?

ಕಾರ್ಡು: ಧಾರಾಳ. 1957, ನ್ಯೂಯಾರ್ಕ್ ಬಳಿಯ ವಿಂಗ್ಡ್ ಫುಟ್, ಮಹಿಳೆಯರ ಅಮೆರಿಕ ಓಪನ್. ಹವಾಯಿಯ ಜ್ಯಾಕಿ ಪಂಗ್ ಒಂದು ಹೊಡೆತದಿಂದ ಗೆದ್ದಿದ್ದಳು. ನಾಲ್ಕನೇ ಮನೆಯಲ್ಲಿ 6 ಇರಬೇಕಾದ ಕಡೆ 5 ಇತ್ತು. ತಮಾಷೆ ಕೇಳಿ, ಒಟ್ಟು ಮೊತ್ತ ಸರಿಯಾಗಿಯೇ ಬರೆದಿತ್ತು! ಆದರೆ ಕೂಡಿಸುವುದು ಸಮಿತಿಯ ಕೆಲಸ, ಅದಕ್ಕೆ ಬೆಲೆಯಿಲ್ಲ. ಮನೆಮನೆಯ ಅಂಕಿಯಷ್ಟೇ ಆಟಗಾರ್ತಿಯ ಹೊಣೆ. ಅನರ್ಹ. ಪ್ರಶಸ್ತಿ ಬೆಟ್ಸಿ ರಾಲ್ಸ್‌ಗೆ ಹೋಯಿತು. ಕ್ಲಬ್ಬಿನ ಸದಸ್ಯರು ಮನಸ್ಸು ತಡೆಯದೆ ಚಂದಾ ಎತ್ತಿ ಪಂಗ್‌ಗೆ ಕೊಟ್ಟರು, ಅದು ಮೊದಲ ಬಹುಮಾನವನ್ನೇ ಮೀರಿಸಿತು. ಚಂದಾಕ್ಕೆ ರಸೀದಿ ಹರಿದರೋ ಇಲ್ಲವೋ, ನನಗೆ ಅದೇ ಚಿಂತೆ.

ಪ್ರಶ್ನೆ: ಅದು ಹಳೆಯ ಕಾಲ. ಈಗ ಪ್ರತಿ ಹೊಡೆತವನ್ನೂ ಲೇಸರ್ ಅಳೆಯುತ್ತದೆ, ಫೋನಿನಲ್ಲಿ ಆ ಕ್ಷಣವೇ ಸ್ಕೋರ್ ಬರುತ್ತದೆ. ನಿಮಗೆ ನಿವೃತ್ತಿ ಕೊಡಬಹುದಲ್ಲ?

ಕಾರ್ಡು: 2024ರ ಫೆಬ್ರುವರಿಯಲ್ಲಿ ಜೆನೆಸಿಸ್ ಇನ್ವಿಟೇಶನಲ್‌ನಲ್ಲಿ ಜೋರ್ಡನ್ ಸ್ಪೀತ್‌ಗೆ ಕೇಳಿ. 4 ಹೊಡೆದ ಹೋಲಿಗೆ 3 ಎಂದಿದ್ದ ಕಾರ್ಡಿಗೆ ಸಹಿ ಹಾಕಿದ. ಲೇಸರ್‌ಗೂ ಗೊತ್ತಿತ್ತು, ಫೋನಿಗೂ ಗೊತ್ತಿತ್ತು. ಅನರ್ಹಗೊಳಿಸಿದ್ದು ನನ್ನ ಮೊಮ್ಮಗ.

ಪ್ರಶ್ನೆ: ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಆ ಕಾರ್ಡಿನ ಪರಿಚಯ ಇದೆಯೆ?

ಕಾರ್ಡು: ಇದೆ. ಅಂಕಿ ಅಂಕಿಯೂ ಸರಿ. ಅಲ್ಲಿ ಹೊಡೆತ ಹೋದದ್ದು ಹುಲ್ಲಿನ ಮೇಲೆ. ಹುಲ್ಲಿನ ಮೇಲೆ ಸೋತವರ ದುಃಖ ಬೇರೆ, ಮೇಜಿನ ಮೇಲೆ ಸೋತವರದ್ದು ಬೇರೆ. ನನ್ನ ಕೆಲಸ ಎರಡನೆಯದು.

ಪ್ರಶ್ನೆ: ಗೋಲ್ಬಿಯ ವಿಷಯಕ್ಕೆ ಬನ್ನಿ. ಆ ದಿನ ಅವನೂ 66 ಆಡಿದ, 15ರಲ್ಲಿ ಈಗಲ್, ಅಂದರೆ ಪಾರ್‌ಗಿಂತ ಎರಡು ಕಡಿಮೆ, ಹೊಡೆದ. ಅವನ ಕಾರ್ಡಿನಲ್ಲಿ ಎಲ್ಲ ಸರಿ ಇತ್ತು. ಆದರೂ ವಿಜೇತರ ಹಸಿರು ಕೋಟು ತೊಟ್ಟವನಿಗೆ ಬೈಗುಳದ ಕಾಗದಗಳು ಬಂದವು.

ಕಾರ್ಡು: ಪಾಪ. ಬರೆದವನು ಆರನ್, ಓದದವನು ಡಿ ವಿಸೆಂಜೊ, ತೀರ್ಪು ಸಮಿತಿಯದು. ಈ ಮೂರರಲ್ಲೂ ಇಲ್ಲದವನಿಗೆ ಬೈಗುಳ. ಬಹುಮಾನ 20,000 ಡಾಲರ್, ಎರಡನೆಯವನಿಗೆ 15,000. ಬೈಗುಳವನ್ನೂ ಇದೇ ಲೆಕ್ಕದಲ್ಲಿ ಹಂಚಿದ್ದರೆ ನ್ಯಾಯವಿತ್ತು. ಗೋಲ್ಬಿಗೂ ಪ್ಲೇಆಫ್ ಆಡಿ ಗೆಲ್ಲುವ ಆಸೆಯೇ ಇತ್ತು. ನನ್ನಿಂದ ಸೋತವನು ಒಬ್ಬ ಎಂದು ಬರೆಯುತ್ತಾರೆ. ಲೆಕ್ಕ ಹಾಕಿದರೆ ಇಬ್ಬರು.

ಪ್ರಶ್ನೆ: ಡಿ ವಿಸೆಂಜೊಗೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲವೆ?

ಕಾರ್ಡು: ಬರಬೇಕಿತ್ತು. ಹಿಂದಿನ ವರ್ಷವಷ್ಟೇ ಬ್ರಿಟಿಷ್ ಓಪನ್ ಗೆದ್ದವನು, ಜಗತ್ತಿನ ಮೂಲೆಮೂಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಶಸ್ತಿ ಗೆದ್ದವನು. ಆದರೆ ಆರನ್‌ನನ್ನು ದೂರಲಿಲ್ಲ, ಸಮಿತಿಯನ್ನು ದೂರಲಿಲ್ಲ. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ತನ್ನನ್ನೇ ದಡ್ಡ ಎಂದುಕೊಂಡ. ಅದಕ್ಕೇ ಜನ ಆತನನ್ನು ಇನ್ನೂ ನೆನೆಯುತ್ತಾರೆ. 1970ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಬಾಬ್ ಜೋನ್ಸ್ ಹೆಸರಿನ ಗೌರವ ಕೊಟ್ಟಿತು. 1980ರಲ್ಲಿ ಮೊಟ್ಟಮೊದಲ ಸೀನಿಯರ್ ಓಪನ್ ಗೆದ್ದದ್ದೂ ಈತನೇ, ಅದೂ ಅದೇ ವಿಂಗ್ಡ್ ಫುಟ್‌ನಲ್ಲಿ. ಗೌರವ ಆತನಿಗೆ, ಪ್ರಸಿದ್ಧಿ ನನಗೆ.

ಪ್ರಶ್ನೆ: 4 ಬರೆದ ಆರನ್ ಮುಂದೆ ಏನಾದ?

ಕಾರ್ಡು: ಅವನ ಮಾತು ಬೇಡ.

ಪ್ರಶ್ನೆ: 1973ರಲ್ಲಿ ಅವನೇ ಮಾಸ್ಟರ್ಸ್ ಗೆದ್ದ. ಕೊನೆಯ ದಿನ ಅವನ ಕಾರ್ಡು ಬರೆದವನು ಜಾನಿ ಮಿಲ್ಲರ್. 13ನೇ ಹೋಲಿನಲ್ಲಿ ಆರನ್ 4 ಹೊಡೆದಿದ್ದರೆ ಮಿಲ್ಲರ್ 5 ಬರೆದುಬಿಟ್ಟಿದ್ದ. ಆರನ್ ಸಹಿಗೆ ಮೊದಲೇ ಕಂಡುಹಿಡಿದು ತಿದ್ದಿಸಿದ, ಒಂದೇ ಹೊಡೆತದಿಂದ ಗೆದ್ದ.

ಕಾರ್ಡು: ಗೊತ್ತು ಗೊತ್ತು. ನಮ್ಮ ವಂಶಕ್ಕೆ ಅಂಥ ಅವಕಾಶ ಮತ್ತೆ ಸಿಗುವುದು ಅಪರೂಪ. ಅದೇ ಟೂರ್ನಿ, ಅದೇ ಕೊನೆಯ ದಿನ, ತಪ್ಪೂ ಸಿದ್ಧವಾಗಿ ಕುಳಿತಿತ್ತು. ಪುಣ್ಯಾತ್ಮ ಮನೆಮನೆಗೂ ಬೆರಳಿಟ್ಟು ಓದಿರಬೇಕು. ಆ ವರ್ಷದ ಕಾರ್ಡಿನ ಹೆಸರನ್ನು ಇವತ್ತು ಯಾರೂ ಎತ್ತುವುದಿಲ್ಲ, ಸುಮ್ಮನೆ ಸರಿಯಾಗಿದ್ದು ಸತ್ತಿತು. ಮುಂದಿನ ಪ್ರಶ್ನೆ ಕೇಳಿ.