ಆಟ ಆಡಲು ಹೆಸರು ಬದಲಿಸಬೇಕಂತೆ

ಗೇಮ್ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮಹನೀಯರಿಗೆ,

ದಾವಣಗೆರೆಯ ಒಬ್ಬ ಡಿಟಿಪಿ ಅಂಗಡಿಯವನ ನಮಸ್ಕಾರಗಳು.

ಈಗಷ್ಟೇ ತಮ್ಮ ಮೇಲ್ ಬಂತು. ‘ನಿಮ್ಮ ಸಮಸ್ಯೆ ಬಗೆಹರಿದಿದೆ, ಟಿಕೆಟ್ ಮುಚ್ಚಿದ್ದೇವೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ’ ಅಂತ ಕೇಳಿದ್ದೀರಿ. ಬಹಳ ಸಂತೋಷ. ಬಗೆಹರಿದ ಸುದ್ದಿಯನ್ನು ಆ ಆಟಕ್ಕೂ ಒಂದು ಮಾತು ತಿಳಿಸಿದ್ದರೆ ಚೆನ್ನಾಗಿತ್ತು. ಅದಿನ್ನೂ ಹಳೆಯ ಚಾಳಿ ಬಿಟ್ಟಿಲ್ಲ. ಡಬಲ್ ಕ್ಲಿಕ್ ಮಾಡಿದರೆ ಪರದೆ ಕಪ್ಪಾಗುತ್ತದೆ, ನಿಮ್ಮ ಲೋಗೋ ಬರಲೋ ಬೇಡವೋ ಅಂತ ಅರ್ಧ ಇಣುಕುತ್ತದೆ, ಮರುಕ್ಷಣ ಮತ್ತೆ ಡೆಸ್ಕ್‌ಟಾಪ್. ಅಲ್ಲಿ ಅರ್ಧಕ್ಕೆ ಬಿಟ್ಟ ಲಗ್ನಪತ್ರಿಕೆಯ ಫೈಲು ನನ್ನನ್ನೇ ನೋಡುತ್ತಿರುತ್ತದೆ.

ನಿಮ್ಮ ಸಲಹೆಗಳನ್ನು ನಾನು ಭಕ್ತಿಯಿಂದ ಪಾಲಿಸಿದವನು. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ಅಂದಿರಿ, ಮಾಡಿದೆ. ಆಂಟಿವೈರಸ್ ಆಫ್ ಮಾಡಿ ಅಂದಿರಿ, ಪೆನ್‌ಡ್ರೈವ್ ಹಿಡಿದ ಗಿರಾಕಿಗಳು ಸಾಲಾಗಿ ನಿಂತಿದ್ದರೂ ಧೈರ್ಯ ಮಾಡಿದೆ. ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ ಅಂದಿರಿ. ನನ್ನ ಅಂಗಡಿಗೆ ನಾನಲ್ಲದೆ ಇನ್ಯಾರು ಅಡ್ಮಿನಿಸ್ಟ್ರೇಟರ್, ಆದರೂ ಮಾಡಿದೆ. ಫೈಲುಗಳನ್ನು ವೆರಿಫೈ ಮಾಡಿದೆ, ಎಲ್ಲವೂ ಸರಿಯಿದೆ ಅಂತ ನಿಮ್ಮದೇ ಲಾಂಚರ್ ಸರ್ಟಿಫಿಕೇಟ್ ಕೊಟ್ಟಿತು. ಕೊನೆಗೆ ಪೂರ್ತಿ ತೆಗೆದು ಮತ್ತೆ ಹಾಕಿ ಅಂದಿರಿ. ತೊಂಬತ್ತು ಜಿಬಿ, ಸ್ವಾಮಿ! ಅಂಗಡಿ ಬಾಗಿಲು ಹಾಕಿಕೊಂಡು ರಾತ್ರಿಯೆಲ್ಲ ಇಳಿಸಿದೆ. ಬೆಳಿಗ್ಗೆ ಕ್ಲಿಕ್ ಮಾಡಿದೆ. ಕಪ್ಪು ಪರದೆ, ಅರ್ಧ ಲೋಗೋ, ಲಗ್ನಪತ್ರಿಕೆ.

ಅದನ್ನು ಬರೆದು ತಿಳಿಸಿದರೆ ನಿಮ್ಮಲ್ಲಿ ಹೊಸದಾಗಿ ಇನ್ನೊಬ್ಬರು ಹಾಜರು. ಅವರು ಹಿಂದಿನ ಪತ್ರಗಳನ್ನು ಓದುವ ಪೈಕಿ ಅಲ್ಲ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ದಯವಿಟ್ಟು ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ.’ ಡ್ರೈವರ್ ಹೊಸದೇ ಇದೆ, ಸ್ವಾಮಿ.

ಇನ್ನು ನಿಮ್ಮನ್ನು ನಂಬಿದರೆ ಆಗದು ಅಂತ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದೆ. ಅಲ್ಲಿ ನಿಮ್ಮ ಆಟ ಸತ್ತ ಪ್ರತಿ ಸಲದ ಪಂಚನಾಮೆಯೂ ಇದೆ, ಗಳಿಗೆ ಸಮೇತ. ಎರರ್ ಕೋಡ್ ಸೊನ್ನೆ, ಎಕ್ಸ್, ಸಿ, ನಾಲ್ಕು ಸೊನ್ನೆ, ಕೊನೆಗೆ 409. ಹುಡುಕಿದರೆ ಅದರ ಹೆಸರು ‘ಸ್ಟ್ಯಾಕ್ ಬಫರ್ ಓವರ್‌ರನ್’ ಅಂತ ಬರುತ್ತದೆ. ಯಾರೋ ಕಂಪ್ಯೂಟರಿಗೆ ಕನ್ನ ಹಾಕಿದರು ಅಂತ ಎದೆ ಒಡೆಯುವಂಥ ಹೆಸರು. ಅಸಲಿಗೆ, ಮುಂದೆ ದಾರಿ ಕಾಣದೆ ಪ್ರೋಗ್ರಾಮು ತಾನಾಗಿಯೇ ಕೈಚೆಲ್ಲಿ ಸತ್ತರೂ ವಿಂಡೋಸ್ ಬರೆಯುವುದು ಇದೇ ಕೋಡು. ಎರರ್ ಮೆಸೇಜುಗಳ ಮಾತನ್ನು ಪೂರ್ತಿ ನಂಬಬಾರದು ಬಿಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರುಗಳಲ್ಲಿ ಆಟಗಳು ಬೀಳುತ್ತಿದ್ದಾಗ ಪರದೆಯ ಮೇಲೆ ಬರುತ್ತಿದ್ದದ್ದು ‘ವಿಡಿಯೊ ಮೆಮೊರಿ ಸಾಲದು’ ಅಂತ. ಜನ ಪಾಪ ಗ್ರಾಫಿಕ್ಸ್ ಕಾರ್ಡನ್ನು ಬೈದರು. ಪ್ರೊಸೆಸರಿಗೇ ಮಿತಿ ಮೀರಿ ವೋಲ್ಟೇಜ್ ಹೋಗುತ್ತಿದೆ ಅಂತ ಇಂಟೆಲ್ ಒಪ್ಪಿಕೊಂಡದ್ದು 2024ರ ಜುಲೈನಲ್ಲಿ. ಅಷ್ಟರೊಳಗೆ ಎಷ್ಟು ಜನ ಡ್ರೈವರ್ ಅಪ್‌ಡೇಟ್ ಮಾಡಿದ್ದರೋ!

ನನ್ನ ಪ್ರೊಸೆಸರ್ ಅದಲ್ಲ. ನನ್ನ ರೋಗ ಸಿಕ್ಕಿದ್ದು ಆಟದ ಫೋಲ್ಡರಿನಲ್ಲೇ ಬಿದ್ದಿದ್ದ ಲಾಗ್ ಫೈಲಿನಲ್ಲಿ. ನೋಟ್‌ಪ್ಯಾಡಿನಲ್ಲಿ ತೆರೆದೆ. ಕೊನೆಯ ಸಾಲು ಹೀಗಿತ್ತು: ಸಿ ಡ್ರೈವ್, ಯೂಸರ್ಸ್, ಅದರೊಳಗೆ ????? ಎಂಬ ಫೋಲ್ಡರ್, ಅಲ್ಲಿ ಸೇವ್ ಫೈಲ್ ಇಡಲು ಜಾಗ ಸಿಗಲಿಲ್ಲ.

ಐದು ಪ್ರಶ್ನಾರ್ಥಕ ಚಿಹ್ನೆ. ಅದು ನಾನೇ, ಮಹನೀಯರೇ. ಈ ಕಂಪ್ಯೂಟರಿನಲ್ಲಿ ನನ್ನ ಖಾತೆಯ ಹೆಸರು ‘ಅಂಗಡಿ’. ಕಣ್ಣಿಗೆ ಮೂರಕ್ಷರ ಕಂಡರೂ ಯೂನಿಕೋಡಿನ ಲೆಕ್ಕದಲ್ಲಿ ಐದು: ಅ, ಸೊನ್ನೆ, ಗ, ಡ, ಗುಡಿಸು. ನಿಮ್ಮ ಆಟ ಒಂದೊಂದಕ್ಕೂ ಒಂದೊಂದು ಪ್ರಶ್ನೆ ಇಟ್ಟು ಮರ್ಯಾದೆ ಮಾಡಿದೆ. ತಮಾಷೆ ಅಂದರೆ ವಿಂಡೋಸ್‌ನಲ್ಲಿ ಫೋಲ್ಡರಿನ ಹೆಸರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದೇ ನಿಷಿದ್ಧ. ಅಂದರೆ ಈ ಭೂಮಿಯ ಮೇಲೆ ಯಾವ ವಿಂಡೋಸ್ ಕಂಪ್ಯೂಟರಿನಲ್ಲೂ ಇರಲು ಸಾಧ್ಯವಿಲ್ಲದ ಫೋಲ್ಡರನ್ನು ಹುಡುಕಿಕೊಂಡು ಹೋಗಿ, ಅದು ಸಿಗಲಿಲ್ಲ ಅಂತ ನಿಮ್ಮ ಆಟ ಪ್ರಾಣ ಬಿಟ್ಟಿದೆ.

ಈ ಲಾಗ್ ಫೈಲನ್ನು, ಆ ಸಾಲಿಗೆ ಕೆಂಪು ಗೆರೆ ಎಳೆದು, ಸ್ಕ್ರೀನ್‌ಶಾಟ್ ಸಮೇತ ಕಳಿಸಿದೆ. ಬಂದ ಉತ್ತರ: ‘ದಯವಿಟ್ಟು ಇಂಗ್ಲಿಷ್ ಅಕ್ಷರಗಳಲ್ಲಿ ಹೊಸ ಯೂಸರ್ ಖಾತೆ ಮಾಡಿಕೊಂಡು ಆಡಿ.’ ಕೆಳಗೆ ಇನ್ನೊಂದು ಸಾಲು, ಡ್ರೈವರ್ ಬಗ್ಗೆ.

ಅಂಗಡಿಯ ಹುಡುಗ ಪರೀಕ್ಷೆಗೆಂದು ಇಂಗ್ಲಿಷಿನಲ್ಲಿ ಒಂದು ಖಾತೆ ತೆರೆದ. ಆಟ ಚಕಾರ ಎತ್ತದೆ ಶುರುವಾಯಿತು. ಅದೇ ಕಂಪ್ಯೂಟರ್, ಅದೇ ಕಾರ್ಡ್, ಅದೇ ಡ್ರೈವರ್. ನಿಮ್ಮ ಪ್ರಕಾರ ಅಲ್ಲಿಗೆ ಕಥೆ ಮುಗಿಯಿತು, ಟಿಕೆಟ್ ಮುಚ್ಚಿತು. ಅಲ್ಲ ಸ್ವಾಮಿ, ಇಷ್ಟು ಹೊತ್ತು ನಗುತ್ತಿದ್ದ ನನಗೆ ಸಿಟ್ಟು ಬಂದದ್ದೇ ಅಲ್ಲಿ.

ನಿಮ್ಮ ಆಟದೊಳಗೆ ಕನ್ನಡ ಹಾಕಿ ಅಂತ ನಾನು ಕೇಳಿದವನೇ ಅಲ್ಲ. ಅದು ಇಂಗ್ಲಿಷಿನಲ್ಲೇ ಬೈಯಲಿ, ಇಂಗ್ಲಿಷಿನಲ್ಲೇ ಗುಂಡು ಹಾರಿಸಲಿ. ನನ್ನ ದುಡ್ಡಿನಲ್ಲಿ ಕೊಂಡ ಕಂಪ್ಯೂಟರಿನ ಖಾತೆಗೆ ನಾನು ಇಟ್ಟ ಹೆಸರು ನಿಮಗೆ ಯಾಕೆ ಅಡ್ಡ ಬರಬೇಕು? ವಿಂಡೋಸ್ ಎನ್‌ಟಿ ಒಳಗಿನಿಂದ ಯೂನಿಕೋಡ್ ಆಗಿರುವುದು 1993ರಿಂದ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು ಅದಕ್ಕೂ ಮುಂಚೆ, 1991ರ ಮೊದಲ ಆವೃತ್ತಿಯಲ್ಲೇ. ನನ್ನ ಖಾತೆಗೆ ‘ಅಂಗಡಿ’ ಅಂತ ಟೈಪ್ ಮಾಡಿದಾಗ ವಿಂಡೋಸ್ ಮರುಮಾತಿಲ್ಲದೆ ಒಪ್ಪಿತು. ನಾನು ದಿನವಿಡೀ ಬಳಸುವ ಅಷ್ಟೂ ಪ್ರೋಗ್ರಾಮುಗಳಿಗೆ ಆ ಫೋಲ್ಡರ್ ಕಾಣುತ್ತದೆ. ಕಾಣದಿರುವುದು ನಿಮಗೊಬ್ಬರಿಗೇ. ಯಾಕೆಂದರೆ ನಿಮ್ಮವರು ಹೆಸರು ಓದಲು ಹಳೆಯ ಕಾಲದ ಅಕ್ಷರಪಟ್ಟಿಯನ್ನೇ, ಅಂದರೆ ಕೋಡ್ ಪೇಜನ್ನೇ ಹಿಡಿದಿದ್ದಾರೆ. ರಷ್ಯದವನಿಗೆ ಅಂಥ ಒಂದು ಪೇಜಿದೆ, 1251. ಜಪಾನಿನವನಿಗೆ 932. ಅವರು ಸೆಟ್ಟಿಂಗ್ ಬದಲಿಸಿ ಹೇಗೋ ಪಾರಾಗುತ್ತಾರೆ. ಕನ್ನಡಕ್ಕೆ ಆ ಬಾಗಿಲೂ ಇಲ್ಲ, ವಿಂಡೋಸಿಗೆ ಅದು ಕಾಲಿಟ್ಟದ್ದೇ ಯೂನಿಕೋಡ್ ಹಿಡಿದು.

ರೀಜನ್ ಸೆಟ್ಟಿಂಗಿನಲ್ಲಿ ಯೂನಿಕೋಡಿನ ಯುಟಿಎಫ್-8 ಅಂತ ಒಂದು ಚೌಕವಿದೆ, ಅದಕ್ಕೆ ಟಿಕ್ ಹಾಕಿ ಅಂತ ನಿಮ್ಮವರೊಬ್ಬರು ಹೇಳಿದ್ದೂ ಉಂಟು. ಅದರ ಮುಂದೆ ‘ಬೀಟಾ’ ಅಂತ ವಿಂಡೋಸೇ ಬರೆದಿದೆ. ಅದನ್ನು ಒತ್ತಿದರೆ ಹಳೆಯ, ಯೂನಿಕೋಡ್ ಅಲ್ಲದ ಪ್ರೋಗ್ರಾಮುಗಳು ಅಕ್ಷರ ಕೆಡಿಸಿಕೊಳ್ಳಬಹುದು. ನನ್ನ ಹೊಟ್ಟೆಪಾಡು ಇರುವುದು ಹಳೆಯ ಪೇಜ್‌ಮೇಕರ್ ಮತ್ತು ನುಡಿ ಫಾಂಟಿನ ಫೈಲುಗಳಲ್ಲಿ. ವಧುವಿನ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಚ್ಚಾಗಿ ಹೋದರೆ ಬೀಗರ ಮುಂದೆ ಬಂದು ನೀವು ಉತ್ತರ ಕೊಡುತ್ತೀರಾ?

ಇದಕ್ಕೆ ಮದ್ದು ಇರುವುದು ನಿಮ್ಮಲ್ಲಿ. 2019ರ ವಿಂಡೋಸ್ 10 ಆವೃತ್ತಿಯಿಂದೀಚೆಗೆ, ‘ನಾನು ಯುಟಿಎಫ್-8 ಓದುತ್ತೇನೆ’ ಅಂತ ಒಂದು ಪ್ರೋಗ್ರಾಮು ತನ್ನ ಮ್ಯಾನಿಫೆಸ್ಟ್ ಫೈಲಿನಲ್ಲಿ ಹೇಳಿಕೊಳ್ಳಬಹುದು. ಒಂದು ಸಾಲು. ತೊಂಬತ್ತು ಜಿಬಿಯೊಳಗೆ ಒಂದು ಸಾಲಿಗೆ ಜಾಗವಿಲ್ಲವೇ? ನೀರಿನಲ್ಲಿ ಬೆಳಕು ಹೇಗೆ ಬೀಳಬೇಕು, ಕುದುರೆಯ ಬಾಲದ ಕೂದಲು ಹೇಗೆ ಅಲ್ಲಾಡಬೇಕು ಅಂತ ವರ್ಷಗಟ್ಟಲೆ ಕೂತು ಬರೆದಿರಿ. ದುಡ್ಡು ಕೊಟ್ಟವನ ಹೆಸರು ಓದಲು ಬರಲಿಲ್ಲ.

ದುಡ್ಡು ವಾಪಸ್ ಕೇಳಿದರೆ ಅಂಗಡಿಕಾರರು (ಆಟ ಮಾರಿದವರು, ನಾನಲ್ಲ) ಎರಡು ಗಂಟೆಗಿಂತ ಹೆಚ್ಚು ಆಡಿದ್ದೀರಿ, ಆಗದು ಅಂತಾರೆ. ಹುಡುಗ ಆ ಇಂಗ್ಲಿಷ್ ಖಾತೆಯಲ್ಲಿ ಪರೀಕ್ಷೆಗೆಂದು ಆಡಿದನಲ್ಲ, ಅದೂ ನನ್ನ ಲೆಕ್ಕಕ್ಕೆ ಸೇರಿತಂತೆ! 2015ರ ಜೂನ್‌ನಲ್ಲಿ ‘ಬ್ಯಾಟ್‌ಮನ್: ಅರ್ಕಮ್ ನೈಟ್’ ಪಿಸಿಯಲ್ಲಿ ಎಡವಿದಾಗ ವಾರ್ನರ್ ಬ್ರದರ್ಸ್‌ನವರು ಮಾರಾಟವನ್ನೇ ನಿಲ್ಲಿಸಿದ್ದರು. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಅನ್ನು ಸೋನಿ ತನ್ನ ಸ್ಟೋರಿನಿಂದ ಇಳಿಸಿ ದುಡ್ಡು ವಾಪಸ್ ಕೊಟ್ಟಿತು. ಅಲ್ಲಿ ಕೂಗಿದವರು ಲಕ್ಷಗಟ್ಟಲೆ ಜನ. ಇಲ್ಲಿ ಕೂಗುತ್ತಿರುವವನು ಪಿ.ಬಿ. ರಸ್ತೆಯ ಒಬ್ಬ ಡಿಟಿಪಿಯವನು, ಅದೂ ಹೆಸರಿಲ್ಲದವನು.

ಖಾತೆಯ ಹೆಸರು ಬದಲಿಸುವುದಿಲ್ಲ. ಆ ಒಂದು ಸಾಲು ಸೇರಿಸಿ, ಇಲ್ಲವೇ ದುಡ್ಡು ಕಳಿಸಿ. ಅಲ್ಲಿಯವರೆಗೆ ಟಿಕೆಟ್ ತೆರೆದಿರಲಿ.

ಇಂತಿ ತಮ್ಮ ವಿಶ್ವಾಸಿ,
?????

ವಿ.ಸೂ.: ಹುಡುಗ ಆ ಇಂಗ್ಲಿಷ್ ಖಾತೆಯಿಂದ ಇನ್ನೂ ಎದ್ದಿಲ್ಲ. ಸಂಜೆಯೊಳಗೆ ಇನ್ನೂರು ಲಗ್ನಪತ್ರಿಕೆ ಕೊಡಬೇಕು. ನಿಮ್ಮಲ್ಲಿ ಯಾರಿಗಾದರೂ ಕಟಿಂಗ್ ಬರುತ್ತದೆಯೇ?