ಹಳೆಯ ವಿದ್ಯೆಗೆ ಹೊಸ ರಟ್ಟು

ಬೆಂಗಳೂರಿನ ಐಟಿ ಮಂದಿಯಲ್ಲಿ ಒಂದು ವರ್ಗವಿದೆ. ವಯಸ್ಸು ನಲವತ್ತು ದಾಟಿದೆ, ಹುದ್ದೆಯ ಹೆಸರು ವಿಸಿಟಿಂಗ್ ಕಾರ್ಡಿನಲ್ಲಿ ಎರಡು ಸಾಲು ಹಿಡಿಯುತ್ತದೆ, ಕೋಡ್ ಬರೆದದ್ದು ಮದುವೆಗೆ ಮುಂಚೆ. ಆಮೇಲೆ ಬರೆದದ್ದೆಲ್ಲ ಎಕ್ಸೆಲ್ ಮತ್ತು ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’. ಆಫೀಸಿನಲ್ಲಿ ಲೇಆಫ್ ಗುಸುಗುಸು ಶುರುವಾದ ವಾರಾಂತ್ಯ ಇವರು ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಪ್ರತ್ಯಕ್ಷ. ವಿದ್ಯೆಗೆ ತುಕ್ಕು ಹಿಡಿದಿದೆ, ಒಂದು ಒಳ್ಳೆಯ ಪುಸ್ತಕ ಬೇಕು.

ಒಳ್ಳೆಯದು ಎಂದರೆ ದಪ್ಪನೆಯದು. ಪೈಥಾನ್ ಕಲಿಸುವ ಹೆಸರಾಂತ ಪುಸ್ತಕವೊಂದರ 2013ರ ಆವೃತ್ತಿ 1,500 ಪುಟ ದಾಟುತ್ತದೆ. ಅದರ ಮುಖಪುಟದಲ್ಲಿರುವುದು ಹಾವಲ್ಲ, ಇಲಿ. ಹಾವು ಕಂಡರೆ ಇಲಿ ಓಡಬೇಕು; ಇಲ್ಲಿ ಮೂರನೆಯ ಅಧ್ಯಾಯಕ್ಕೇ ಓದುಗ ಓಡುತ್ತಾನೆ. ಅವಸರದವರಿಗೆ 21 ದಿನದಲ್ಲಿ ಸಿ++ ಕಲಿಸುವ ಪುಸ್ತಕವೂ ಉಂಟು. ಅಯ್ಯಪ್ಪನ ಮಾಲೆಗೇ 41 ದಿನದ ವ್ರತ ಬೇಕು, ಸಿ++ ಅದರ ಅರ್ಧಕ್ಕೆ ಒಲಿಯುತ್ತದಂತೆ! ಇಂಥ ಶೀರ್ಷಿಕೆಗಳನ್ನು ಕಂಡು ಪೀಟರ್ ನಾರ್ವಿಗ್ ಎಂಬ ಕಂಪ್ಯೂಟರ್ ವಿಜ್ಞಾನಿ, ಹತ್ತು ವರ್ಷದಲ್ಲಿ ಪ್ರೋಗ್ರಾಮಿಂಗ್ ಕಲಿಯಿರಿ ಎಂದು ಪ್ರಬಂಧವನ್ನೇ ಬರೆದ. ಪುಕ್ಕಟೆ ಸಿಗುತ್ತದೆ. ಪುಕ್ಕಟೆಯಾದದ್ದನ್ನು ಗಂಭೀರವಾಗಿ ತೆಗೆದುಕೊಳ್ಳುವವರು ಯಾರು?

ದಪ್ಪ ಪುಸ್ತಕಕ್ಕೆ ಆಯಸ್ಸು ಕಡಿಮೆ. ಆಂಗ್ಯುಲರ್‌ಜೆಎಸ್ ಎಂಬ ವೆಬ್ ಸಲಕರಣೆಯ ಗ್ರಂಥಗಳಿಗೆ ದುಡ್ಡು ಸುರಿದವರು ಪುಟ ಮಡಚಿ ಮುಗಿಸುವ ಹೊತ್ತಿಗೆ, 2016ರಲ್ಲಿ ಗೂಗಲ್ ಆ ಸಲಕರಣೆಯನ್ನೇ ಬುಡದಿಂದ ಹೊಸದಾಗಿ ಬರೆದು ಆಂಗ್ಯುಲರ್ 2 ಎಂದು ಕರೆಯಿತು. ಪೈಥಾನ್ 2ಕ್ಕೆ 2020ರ ಜನವರಿ 1ರಂದು ಎಳ್ಳುನೀರು ಬಿಟ್ಟಾಯಿತು. ಜಾವಾ 2017ರಿಂದೀಚೆಗೆ ಆರು ತಿಂಗಳಿಗೊಮ್ಮೆ ಹೆರುತ್ತಿದೆ. ಯಾವ ತಂತ್ರಜ್ಞಾನ ತೀರಿಕೊಂಡಿತೆಂದು ತಿಳಿಯಲು ಸಲಹೆಗಾರರಿಗೆ ಫೀಸು ಕೊಡಬೇಕಿಲ್ಲ, ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿ ನೋಡಿದರೆ ಸಾಕು.

ಅದೇ ರಾಶಿಯ ಮಗ್ಗುಲಲ್ಲಿ ಕರ್ನಿಘನ್ ಮತ್ತು ರಿಚಿಯವರ ಸಿ ಪುಸ್ತಕವೂ ಸಿಕ್ಕೀತು. ಮೊದಲು ಬಂದದ್ದು 1978ರಲ್ಲಿ, ಎರಡನೆಯ ಆವೃತ್ತಿ 1988ರಲ್ಲಿ, ಮುನ್ನೂರು ಪುಟದೊಳಗೆ ಮಾತು ಮುಗಿದಿದೆ. ನಮ್ಮ ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಡುತ್ತಾರೆ. ತೀರಾ ತೆಳು. ಮೇಲಾಗಿ ಕೂತು ಲೆಕ್ಕ ಬೇರೆ ಬಿಡಿಸಬೇಕಂತೆ.

ಇವರನ್ನಷ್ಟೇ ಹಂಗಿಸುವುದು ಅನ್ಯಾಯ. ಇವರು ಓದಿದ್ದನ್ನು ಮರೆತು ಹಳಬರಾದರು. ಕೆಲವು ಕಾಲೇಜುಗಳು ಹುಡುಗರನ್ನು ಓದಿಸಿಯೇ ಹಳಬರನ್ನಾಗಿ ಮಾಡುತ್ತವೆ. ಅಲ್ಲಿ ಇನ್ನೂ 1990ರ ದಶಕದ ಟರ್ಬೊ ಸಿ, ಅದೇ ನೀಲಿ ಪರದೆ, ಅದೇ ‘ವಾಯ್ಡ್ ಮೇನ್’. ‘ಸಿಎಲ್‌ಆರ್‌ಎಸ್‌ಸಿಆರ್’ ಎಂಬ ಪರದೆ ಒರೆಸುವ ಆಜ್ಞೆ ಬರೆಯದಿದ್ದರೆ ಲ್ಯಾಬ್ ರೆಕಾರ್ಡಿಗೆ ಸಹಿ ಬೀಳದು. ಅಪ್ಪನ ಹಳೆ ರೆಕಾರ್ಡನ್ನೇ ಮಗ ನಕಲು ಮಾಡಿದರೂ ಪೂರ್ತಿ ಅಂಕ!

ಕೊಂಡ ಪುಸ್ತಕ ಏನಾಗುತ್ತದೆ? ಸರಸ್ವತಿ ಪೂಜೆಯ ದಿನ ಪುಸ್ತಕ ಓದಬಾರದೆಂಬ ನೇಮವಿದೆ. ಈ ಪುಸ್ತಕಗಳಿಗೆ ವರ್ಷವಿಡೀ ನವರಾತ್ರಿ. ವಿಡಿಯೊ ಮೀಟಿಂಗಿನಲ್ಲಿ ಅವುಗಳ ಬೆನ್ನು ಎಲ್ಲರಿಗೂ ಕಾಣುವಂತೆ ಕ್ಯಾಮೆರಾ ತಿರುಗಿಸಿಕೊಂಡು ಸಾಹೇಬರು ತಂಡದ ಹುಡುಗನಿಗೆ ಬುದ್ಧಿ ಹೇಳುತ್ತಾರೆ: “ಬೇಸಿಕ್ಸ್ ಸ್ಟ್ರಾಂಗ್ ಇರಬೇಕಪ್ಪಾ.” ಹುಡುಗ “ಖಂಡಿತ ಸರ್” ಎನ್ನುತ್ತ, ಚಾಟ್‌ಜಿಪಿಟಿ ಬರೆದುಕೊಟ್ಟ ಕೋಡನ್ನು ತಾನು ಓದದೆಯೇ ಇವರ ಒಪ್ಪಿಗೆಗೆ ಕಳಿಸುತ್ತಾನೆ. ಇವರೂ ಓದದೆಯೇ ‘ಅಪ್ರೂವ್ಡ್’ ಒತ್ತುತ್ತಾರೆ.